ಹೊಳೆಯ ಮೀನು ಹೇಳುವ ನೆಲದ ಕಥೆ

ಹಕ್ಕಿಗೆ ರೆಕ್ಕೆಯುಂಟು, ಮೃಗಕ್ಕೆ ಕಾಲುಂಟು. ಗಿಡದ ಬೀಜವಾದರೂ ಗಾಳಿಯ ಬೆನ್ನೇರಿ ಬೆಟ್ಟವನ್ನು ದಾಟಬಲ್ಲದು. ಸಿಹಿನೀರಿನ ಮೀನಿಗೆ ಮಾತ್ರ ಈ ಯಾವ ಸೌಕರ್ಯವೂ ಇಲ್ಲ. ಅದು ಹುಟ್ಟಿದ ಹೊಳೆಯೇ ಅದರ ಲೋಕ. ಎರಡು ಹೊಳೆಗಳ ನಡುವೆ ಒಂದು ಫರ್ಲಾಂಗಿನ ದಿಣ್ಣೆಯಿದ್ದರೆ ಸಾಕು, ಆಚೆಯ ಹೊಳೆ ಈಚೆಯ ಮೀನಿನ ಪಾಲಿಗೆ ಇಲ್ಲದಂತೆಯೇ. ಕಡಲಿನ ಮಾರ್ಗವಾಗಿ ಸುತ್ತಿ ಹೋಗೋಣವೆಂದರೆ ಅಲ್ಲಿನ ಉಪ್ಪುನೀರು ಹೆಚ್ಚಿನ ಸಿಹಿನೀರಿನ ಮೀನುಗಳಿಗೆ ವಿಷಪ್ರಾಯ. ಆದುದರಿಂದ ಒಂದೇ ಜಾತಿಯ ಮೀನು ಇಂದು ಪರಸ್ಪರ ಸಂಬಂಧವಿಲ್ಲದ ಎರಡು ಹೊಳೆಗಳಲ್ಲಿ ಕಂಡುಬಂದರೆ, ಒಂದಾನೊಂದು ಕಾಲದಲ್ಲಿ ಆ ಎರಡು ನೀರುಗಳು ಒಂದರೊಡನೊಂದು ಕೂಡಿದ್ದಿರಬೇಕು ಎಂದು ಊಹಿಸುವುದಕ್ಕೆ ಆಧಾರ ದೊರೆಯುತ್ತದೆ. ರಾಜರ ಚರಿತ್ರೆಗೆ ಶಿಲಾಶಾಸನಗಳು ಹೇಗೋ, ನೆಲದ ಚರಿತ್ರೆಗೆ ಹೊಳೆಯ ಮೀನುಗಳು ಹಾಗೆ. ಶಾಸನವನ್ನಾದರೂ ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯಬಹುದು. ಮೀನು ತಾನಾಗಿ ಸ್ಥಳ ಬಿಟ್ಟು ಕದಲುವ ಸಾಕ್ಷಿಯಲ್ಲ. ದಕ್ಷಿಣ ಭಾರತದ ಹೊಳೆಗಳಲ್ಲಿ ವಾಸಿಸುವ ಈ ಮೂಕಸಾಕ್ಷಿಗಳು ನಮ್ಮ ನೆಲದ ವಿಷಯವಾಗಿ ಏನು ಹೇಳುತ್ತವೆ, ಆ ಸಾಕ್ಷ್ಯಕ್ಕೆ ಈಚೆಗೆ ಒದಗಿರುವ ಅಪಾಯವೇನು ಎಂಬುದನ್ನು ಈ ವಾರ ವಿಚಾರಿಸೋಣ.

ಒಂದು ಬೆಟ್ಟ, ಎರಡು ಕಡಲು

ಮೊದಲು ನಮ್ಮ ಮಲೆನಾಡಿನದೇ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಕುದುರೆಮುಖದ ಸೀಮೆಯ ವರಾಹಪರ್ವತದಲ್ಲಿ, ಗಂಗಾಮೂಲವೆಂಬ ಎಡೆಯಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ಹೊಳೆಗಳು ಹುಟ್ಟುವುವೆಂದು ಪ್ರಸಿದ್ಧಿ. ತುಂಗೆಯೂ ಭದ್ರೆಯೂ ಪೂರ್ವದತ್ತ ತಿರುಗಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತವೆ. ನೇತ್ರಾವತಿಯಾದರೋ ಘಟ್ಟವನ್ನು ದಡದಡನೆ ಇಳಿದು ಮಂಗಳೂರಿನ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಒಂದೇ ಮೋಡದಿಂದ ಉದುರಿದ ಎರಡು ಹನಿಗಳಲ್ಲಿ ಒಂದು ಮೂಡಲಿಗೆ, ಒಂದು ಪಡುವಲಿಗೆ. ಅವುಗಳ ತೌರು ಒಂದೇ. ಸೇರುವ ಮನೆಗಳ ನಡುವೆ ಇಡೀ ದಕ್ಷಿಣಾಪಥದ ಅಗಲ.

ಈ ಹೊಳೆಗಳಲ್ಲಿನ ಮೀನುಗಳ ಪಾಡೂ ಹೀಗೆಯೇ. ಒಂದು ಜಾತಿಯ ಮೀನಿನ ಸಂತತಿ ಬೆಟ್ಟದ ಎರಡು ಮಗ್ಗುಲಿಗೆ ಹಂಚಿಹೋಯಿತೆನ್ನಿ. ಈಚೆಯದು ಆಚೆಯದನ್ನು ಮತ್ತೆ ಕೂಡಲಾರದು. ಮರಿಯಿಂದ ಮರಿಗೆ ಅಲ್ಪಸ್ವಲ್ಪ ವ್ಯತ್ಯಾಸಗಳು ಹುಟ್ಟುವುದು ಜೀವಿಗಳ ಸಹಜ ಧರ್ಮ. ಈಚೆಯ ನೀರು ಮಂದಗಾಮಿ, ಆಚೆಯದು ಬಂಡೆಯಿಂದ ಬಂಡೆಗೆ ಧುಮುಕುವ ನೀರು. ಇಲ್ಲಿ ಉಳಿಯುವುದಕ್ಕೆ ನೆರವಾಗುವ ವ್ಯತ್ಯಾಸ ಅಲ್ಲಿ ನೆರವಾಗದು. ಲಕ್ಷಾಂತರ ವರ್ಷಗಳು ಹೀಗೆ ಕಳೆದ ಮೇಲೆ ಒಂದೇ ತಾಯಿಯ ಮಕ್ಕಳೆರಡು ಗುರುತು ಸಿಕ್ಕದಷ್ಟು ಬೇರೆಯಾಗಿ, ಎರಡು ಜಾತಿಗಳೆನಿಸಿಕೊಳ್ಳುತ್ತವೆ. ಜೀವವಿಕಾಸವೆಂಬ ದೊಡ್ಡ ಹೆಸರಿನ ಹಿಂದೆ ಇರುವ ಕ್ರಿಯೆಗಳಲ್ಲಿ ಮುಖ್ಯವಾದುದೊಂದು ಇದೇ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಇದುವರೆಗೆ ಗುರುತಿಸಿರುವ ಸಿಹಿನೀರಿನ ಮೀನುಗಳು ಸುಮಾರು ೩೦೦ ಜಾತಿ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಲೋಕದ ಇನ್ನಾವ ಭಾಗದಲ್ಲಿಯೂ ಇಲ್ಲ. ಕೆಲವಂತೂ ಒಂದೇ ಹೊಳೆಯ ಸ್ವತ್ತು. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟು ವೈವಿಧ್ಯ ಹೇಗೆ ಬಂದಿತೆಂದರೆ, ಬೆಟ್ಟಗಳು ಕಟ್ಟಿದ ಗೋಡೆಗಳಿಂದಲೇ ಎಂದು ಬಹುಮಟ್ಟಿಗೆ ಹೇಳಬಹುದು.

ಆದರೆ ಗೋಡೆಗಳೂ ಶಾಶ್ವತವಲ್ಲ. ಘಟ್ಟದ ಪಡುವಣ ಮೈ ಕಡಿದಾದುದು. ಅಲ್ಲಿ ಮಳೆ ವಿಪರೀತ. ಆದುದರಿಂದ ಪಡುವಣ ತೊರೆಗಳು ಬೆಟ್ಟವನ್ನು ಬೇಗ ಬೇಗ ಕೊರೆಯುತ್ತ ಹಿಂದೆ ಹಿಂದಕ್ಕೆ ಸರಿಯುತ್ತವೆ. ಹೀಗೆ ಕೊರೆಯುತ್ತ ಕೊರೆಯುತ್ತ ಒಂದು ದಿನ ನೆತ್ತಿಯನ್ನು ದಾಟಿ, ಮೂಡಣಕ್ಕೆ ಹರಿಯುತ್ತಿದ್ದ ಒಂದು ತೊರೆಯ ಪಾತ್ರಕ್ಕೆ ಕನ್ನವಿಕ್ಕಿ, ಅದರ ತಲೆಭಾಗದ ನೀರನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡುಬಿಡುತ್ತವೆ. ಭೂಗೋಳಶಾಸ್ತ್ರದಲ್ಲಿ ಇದಕ್ಕೆ ನದೀ ಅಪಹರಣವೆಂದು ಹೆಸರು. ಕದ್ದ ನೀರಿನೊಂದಿಗೆ ಅದರಲ್ಲಿದ್ದ ಮೀನುಗಳೂ ಬೇರೆ ನದಿಯ ಪಾಲಾಗುತ್ತವೆ. ಮೂಡಣ ಪಡುವಣ ಹೊಳೆಗಳೆರಡರಲ್ಲಿಯೂ ಕೆಲವು ಮೀನುಗಳು ಸಮಾನವಾಗಿರುವುದಕ್ಕೆ ಈ ಪುರಾತನ ಕಳ್ಳತನಗಳೂ ಒಂದು ಕಾರಣ.

ಜಲಪಾತದ ನಿವಾಸಿಗಳು

ಮಳೆಗಾಲದಲ್ಲಿ ಘಟ್ಟದ ತೊರೆಗಳನ್ನು ನೋಡಿದವರಿಗೆ, ಆ ಭೋರ್ಗರೆಯುವ ನೀರಿನಲ್ಲಿ ಆನೆಯೂ ಕಾಲೂರಿ ನಿಲ್ಲಲಾರದೆಂದು ತೋರುತ್ತದೆ. ಅಂಥಲ್ಲಿ ಬೆರಳುದ್ದದ ಮೀನುಗಳು ಹಾಯಾಗಿ ಸಂಸಾರ ಹೂಡಿವೆಯೆಂದರೆ ಆಶ್ಚರ್ಯವಲ್ಲವೆ? ಅವು ನೀರಿನೊಡನೆ ಹೋರಾಡುವುದಿಲ್ಲ, ಬಂಡೆಯನ್ನು ಅಪ್ಪಿಕೊಳ್ಳುತ್ತವೆ. ನೀರು ಎಷ್ಟೇ ರಭಸದಿಂದ ಹರಿದರೂ ಬಂಡೆಯ ಮೈಗೆ ತೀರ ಹತ್ತಿರದ ತೆಳುಪದರದಲ್ಲಿ ಆ ರಭಸ ಬಹಳ ಕಡಿಮೆ. ಆ ಪದರದೊಳಗೆ ಅಡಗಿ ಬಾಳುವಂತೆ ಈ ಮೀನುಗಳ ದೇಹ ಮಾರ್ಪಟ್ಟಿದೆ.

ಇದಕ್ಕಾಗಿ ಬೇರೆ ಬೇರೆ ವಂಶಗಳು ಹಿಡಿದಿರುವ ಉಪಾಯಗಳು ಬೇರೆ ಬೇರೆ. ಬಾಲಿಟೋರ ಎಂಬ ಕುಲದ ಮೀನುಗಳ ಹೊಟ್ಟೆ ಹಲಗೆಯಂತೆ ಚಪ್ಪಟೆ. ಎದೆಯ ಮತ್ತು ಹೊಟ್ಟೆಯ ಜೋಡಿ ಈಜುರೆಕ್ಕೆಗಳು ಬೀಸಣಿಗೆಯಂತೆ ಎರಡು ಪಕ್ಕಗಳಿಗೆ ಅಗಲವಾಗಿ ಹರಡಿಕೊಂಡು, ಅಂಚಿನಲ್ಲಿ ಮೆತ್ತನೆಯ ಒರಟು ಚರ್ಮವನ್ನು ತಳೆದಿರುತ್ತವೆ. ಅವುಗಳನ್ನು ಬಂಡೆಗೆ ಒತ್ತಿಕೊಂಡು ಮೀನು ಕುಳಿತರೆ, ನೀರಿನ ಹರಿವೇ ಅದನ್ನು ಕೆಳಕ್ಕೆ ಅದುಮಿ ಹಿಡಿಯುತ್ತದೆ. ಗಾರ ಎಂಬ ಕುಲದ ಮೀನಿಗೆ ಕೆಳದುಟಿಯ ಹಿಂದೆ ಒಂದು ದುಂಡಗಿನ ಬಿಲ್ಲೆಯುಂಟು; ಅದರಿಂದ ಕಲ್ಲಿಗೆ ಅಂಟಿಕೊಂಡೇ ಅಲ್ಲಿ ಬೆಳೆದ ಪಾಚಿಯನ್ನು ಹೆರೆದು ತಿನ್ನುತ್ತದೆ. ಗ್ಲಿಪ್ಟೋತೊರಾಕ್ಸ್ ಎಂಬುದು ಮೀಸೆಯ ಮೀನುಗಳ ಪಂಗಡಕ್ಕೆ ಸೇರಿದುದು; ಅದರ ಎದೆಯಡಿಯಲ್ಲಿ ಸೀರೆಯ ನಿರಿಗೆಗಳಂತೆ ಚರ್ಮದ ಮಡಿಕೆಗಳು ಸಾಲಾಗಿವೆ; ಆ ಮಡಿಕೆಗಳೇ ಅದರ ಲಂಗರು. ಕೊಳದ ಮೀನಿಗೆ ತೇಲುವುದಕ್ಕೆ ಅನುಕೂಲವಾದ ಗಾಳಿಚೀಲ ಜಲಪಾತದಲ್ಲಿ ಅಪಾಯಕಾರಿ, ಏಕೆಂದರೆ ಇಲ್ಲಿ ತೇಲಿದವನು ಕೆಟ್ಟ. ಆದುದರಿಂದ ಈ ಮೀನುಗಳಲ್ಲಿ ಅದು ಬಹಳ ಕುಗ್ಗಿಹೋಗಿದೆ.

ಇವುಗಳ ರಚನೆಯನ್ನು ಬಹು ಶ್ರದ್ಧೆಯಿಂದ ಅಭ್ಯಾಸಮಾಡಿದವರು ಡಾಕ್ಟರ್ ಸುಂದರಲಾಲ್ ಹೋರಾ. ೧೮೯೬ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಇವರು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯನ್ನು ಸೇರಿ, ೧೯೪೭ರಿಂದ ೧೯೫೫ರಲ್ಲಿ ತೀರಿಕೊಳ್ಳುವವರೆಗೂ ಅದರ ನಿರ್ದೇಶಕರಾಗಿದ್ದರು. ಜಲಪಾತದ ಪ್ರಾಣಿಗಳು ಬಂಡೆಗೆ ಅಂಟುವ ಅಂಗಗಳ ಕುರಿತು ಇವರು ಬರೆದ ದೀರ್ಘ ಪ್ರಬಂಧವನ್ನು ೧೯೩೦ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಕನ್ನಡಿಗರು ಹೋರಾ ಅವರನ್ನು ನೆನೆಯಲು ಇನ್ನೊಂದು ಕಾರಣವೂ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವಿದೆ. ಗಾಳ ಹಾಕಿ ಮೀನು ಹಿಡಿಯುವ ಕ್ರಮ, ಮೀನುಗಳಿಗೆ ಹಾಕುವ ಆಹಾರ, ಅವುಗಳಲ್ಲಿನ ಬಗೆಗಳು ಇವೆಲ್ಲ ಅಲ್ಲಿ ವರ್ಣಿತವಾಗಿವೆ. ಹೋರಾ ಅವರು ಈ ಭಾಗವನ್ನು ಆಧುನಿಕ ಪ್ರಾಣಿಶಾಸ್ತ್ರದ ಕಣ್ಣಿನಿಂದ ಪರಿಶೀಲಿಸಿ ೧೯೫೧ರಲ್ಲಿ ಲೇಖನ ಬರೆದರು. ನಮ್ಮ ನಾಡಿನ ದೊರೆಯೊಬ್ಬನ ಮತ್ಸ್ಯಜ್ಞಾನವನ್ನು ಹೀಗೆ ವಿದ್ವಲ್ಲೋಕಕ್ಕೆ ಪರಿಚಯ ಮಾಡಿಕೊಟ್ಟರು.

ಮೈಸೂರು ಸೀಮೆಯ ಮೀನುಗಳ ಅಭ್ಯಾಸವೂ ಆ ವೇಳೆಗೆ ಸಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಆದ ಸಿ. ಆರ್. ನಾರಾಯಣರಾಯರು ೧೯೨೦ರಲ್ಲಿಯೇ ಮೈಸೂರಿನ ಹೊಸ ಮೀನುಗಳ ವಿಷಯವಾಗಿ ಬರೆದಿದ್ದರು. ೧೯೩೭ರಲ್ಲಿ ಹೋರಾ ಅವರು ಒಂದು ಮೀನಿಗೆ ಇವರ ಹೆಸರನ್ನಿಟ್ಟು ಗೌರವಿಸಿದರು. ೧೯೪೧ರಲ್ಲಿ ಕಾವೇರಿಯ ಶಿವಸಮುದ್ರದಿಂದ ದೊರೆತ ಒಂದು ಬಾಲಿಟೋರ ಮೀನನ್ನು ಹೊಸ ಜಾತಿಯೆಂದು ಗುರುತಿಸಿ, ಅದಕ್ಕೆ ಮೈಸೂರಿನ ಹೆಸರನ್ನೇ ಕೊಟ್ಟರು. ಈ ಕೆಲಸ ಇನ್ನೂ ಮುಗಿದಿಲ್ಲ. ೨೦೧೬ರಲ್ಲಿ ಉತ್ತರ ಕನ್ನಡದ ಕಾಳೀ ನದಿಯಿಂದ ಇದೇ ಕುಲದ ಇನ್ನೊಂದು ಹೊಸ ಜಾತಿ ಬೆಳಕಿಗೆ ಬಂದಿತು. ಬಂಡೆಗೆ ಅಂಟಿ ಕುಳಿತ ಅದರ ಭಂಗಿಯನ್ನು ಕಂಡು ಜನ ಅದನ್ನು ಹಲ್ಲಿಗೆ ಹೋಲಿಸಿ 'ಚಿಪ್ಕಲಿ' ಎನ್ನುತ್ತಿದ್ದರು. ಪಂಡಿತರೂ ಆ ಹೆಸರನ್ನೇ ಉಳಿಸಿಕೊಂಡರು.

ಮಧ್ಯದಲ್ಲಿ ಏಕೆ ಇಲ್ಲ?

ಹೋರಾ ಅವರನ್ನು ಬಹುವಾಗಿ ಕಾಡಿದ ಪ್ರಶ್ನೆಯೊಂದಿತ್ತು. ಈ ಜಲಪಾತದ ಮೀನುಗಳ ನೆಂಟರು ಅಸ್ಸಾಮಿನ ಬೆಟ್ಟಗಳಲ್ಲಿ, ಬರ್ಮಾ ಮಲಯ ದೇಶಗಳಲ್ಲಿ ಹೇರಳವಾಗಿ ಉಂಟು. ಮತ್ತೆ ನಮ್ಮ ಸಹ್ಯಾದ್ರಿಯಲ್ಲಿ ಉಂಟು. ನಡುವಣ ಸಾವಿರಾರು ಮೈಲಿಗಳ ಬಯಲುಸೀಮೆಯಲ್ಲಿ ಅವುಗಳ ಸುಳಿವು ಬಹು ವಿರಳ. ಬಂಡೆಯನ್ನು ಬಿಟ್ಟು ಬದುಕಲಾರದ ಮೀನು ಗಂಗೆಯ ಕೆಸರುನೆಲವನ್ನು ದಾಟಿ ಬಂದಿತೆಂದರೆ ನಂಬುವುದು ಹೇಗೆ?

೧೯೪೦ರ ದಶಕದಲ್ಲಿ ಅವರು ಮುಂದಿಟ್ಟ ಉತ್ತರಕ್ಕೆ ಸಾತ್ಪುರ ಸಿದ್ಧಾಂತವೆಂದು ಹೆಸರು. ಮೇಘಾಲಯದ ಗಾರೋ ಬೆಟ್ಟಕ್ಕೂ ಬಿಹಾರದ ಅಂಚಿನ ರಾಜಮಹಲ್ ಬೆಟ್ಟಕ್ಕೂ ನಡುವೆ ಇಂದು ಗಂಗಾ ಬ್ರಹ್ಮಪುತ್ರೆಗಳ ಮೆಕ್ಕಲುಮಣ್ಣು ತುಂಬಿದೆ. ಹಿಂದೆ ಅಲ್ಲಿಯೂ ಬೆಟ್ಟದ ಸಾಲಿದ್ದು, ಅದು ವಿಂಧ್ಯ ಸಾತ್ಪುರಗಳ ಮೂಲಕ ಸಹ್ಯಾದ್ರಿಯವರೆಗೆ ಮುಂದುವರಿದಿತ್ತು; ಹಿಮಯುಗಗಳ ಕಾಲದಲ್ಲಿ ಮಳೆ ಹೆಚ್ಚಾಗಿ, ಆ ಸಾಲಿನ ಉದ್ದಕ್ಕೂ ರಭಸದ ತೊರೆಗಳು ಹರಿಯುತ್ತಿದ್ದುವು; ತೊರೆಯಿಂದ ತೊರೆಗೆ ಸಾಗುತ್ತ ಮೀನುಗಳು ದಕ್ಷಿಣಕ್ಕೆ ಬಂದುವು; ಆಮೇಲೆ ಸೇತುವೆ ಮುರಿದುಬಿತ್ತು, ಬಂದವು ಇಲ್ಲಿಯೇ ಉಳಿದುವು. ಇದು ಅವರ ವಾದದ ಸಾರ. ಕೈಯಳತೆಯ ಮೀನುಗಳನ್ನು ನೋಡಿ, ಮಣ್ಣಿನಡಿಯಲ್ಲಿ ಹೂತುಹೋದ ಪರ್ವತವೊಂದನ್ನು ಊಹಿಸಿದ ಬುದ್ಧಿಯ ಧೈರ್ಯವನ್ನು ಮೆಚ್ಚದಿರಲಾಗದು.

ಈ ಸಿದ್ಧಾಂತಕ್ಕೆ ಆಕ್ಷೇಪಣೆಗಳೂ ಬಾರದಿರಲಿಲ್ಲ. ರೂಪಸಾಮ್ಯವೆಲ್ಲ ರಕ್ತಸಂಬಂಧವಲ್ಲ. ಒಂದೇ ಕಸುಬು ಮಾಡುವ ಇಬ್ಬರ ಅಂಗೈಗಳಲ್ಲಿ ಒಂದೇ ಬಗೆಯ ಜಡ್ಡು ಕಟ್ಟಿದ ಮಾತ್ರಕ್ಕೆ ಅವರು ಅಣ್ಣತಮ್ಮಂದಿರಾಗುವರೆ? ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ತೊರೆಗಳಲ್ಲಿಯೂ ಬಾಯಿಯಿಂದ ಬಂಡೆಗೆ ಅಂಟಿಕೊಳ್ಳುವ ಮೀಸೆಯ ಮೀನುಗಳಿವೆ. ಅವಕ್ಕೂ ನಮ್ಮ ಗಾರ ಮೀನಿಗೂ ಹತ್ತಿರದ ನೆಂಟಸ್ತಿಕೆಯೇನೂ ಇಲ್ಲ. ರಭಸದ ನೀರು ಎಲ್ಲಿದ್ದರೂ ಅಲ್ಲಿನ ಮೀನನ್ನು ಅದೇ ಅಚ್ಚಿನಲ್ಲಿ ಎರೆಯುತ್ತದೆ. ಈಗ ಜೀವಕೋಶದೊಳಗಿನ ಡಿ.ಎನ್.ಎ. ಎಂಬ ವಸ್ತುವನ್ನು ಓದಿ ವಂಶಾವಳಿಯನ್ನು ಬರೆಯುವ ವಿಧಾನ ಬಂದಿರುವುದರಿಂದ ಈ ವ್ಯಾಜ್ಯಗಳನ್ನು ಹೊರರೂಪವೊಂದನ್ನೇ ನಂಬಿ ತೀರ್ಮಾನಿಸಬೇಕಾಗಿಲ್ಲ. ಹೊಸ ಪರಿಶೋಧನೆಗಳಿಂದ ತೋರಿಬರುವುದು ಇಷ್ಟು: ಎಲ್ಲ ಮೀನುಗಳೂ ಒಂದೇ ದಾರಿಯಲ್ಲಿ, ಒಂದೇ ಕಾಲದಲ್ಲಿ ಬಂದವಲ್ಲ, ಹಲವು ವಂಶಗಳು ಹೋರಾ ಅವರು ಹೇಳಿದ ಹಿಮಯುಗಗಳಿಗಿಂತ ಎಷ್ಟೋ ಹಿಂದೆಯೇ ಇಲ್ಲಿ ನೆಲಸಿದ್ದುವು. ಒಂದು ಸೇತುವೆಯ ಕಥೆ ಹೀಗೆ ಹಲವು ಪಯಣಗಳ ಕಥೆಯಾಗಿದೆ. ಆದರೂ ಪ್ರಶ್ನೆಯನ್ನು ಸರಿಯಾಗಿ ಕೇಳಿದ ಕೀರ್ತಿ ಅವರದೇ.

ಹಡಗಾಗಿ ಬಂದ ನೆಲ

ಉತ್ತರದಿಂದ ಬಂದ ಮೀನುಗಳ ಮಾತಾಯಿತು. ಇನ್ನು ನೆಲದೊಡನೆಯೇ ಬಂದವೆಂದು ಹೇಳುವ ಮೀನುಗಳನ್ನು ನೋಡೋಣ. ಭಾರತವು ಮೊದಲಿನಿಂದಲೂ ಏಷ್ಯದ ಅಂಗವಾಗಿರಲಿಲ್ಲವೆಂಬುದು ಈಗ ನಿಶ್ಚಿತವಾದ ಸಂಗತಿ. ಆಫ್ರಿಕ, ಮಡಗಾಸ್ಕರ್, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಗಳೊಡನೆ ಕೂಡಿ ಅದು ಗೊಂಡ್ವಾನವೆಂಬ ಮಹಾಖಂಡದ ಭಾಗವಾಗಿತ್ತು. ಆ ಖಂಡ ಒಡೆದಾಗ ಭಾರತವೂ ಮಡಗಾಸ್ಕರೂ ಕೆಲವು ಕಾಲ ಜೊತೆಯಾಗಿದ್ದು, ಸುಮಾರು ೯ ಕೋಟಿ ವರ್ಷಗಳ ಹಿಂದೆ ಅಗಲಿದುವು. ಅಲ್ಲಿಂದ ಭಾರತ ಒಂಟಿಯಾಗಿ ಉತ್ತರಕ್ಕೆ ಸಾಗಿ, ಸುಮಾರು ೫ ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ಬಂದು ತಾಗಿತು. ಆ ತಾಕಲಾಟದಿಂದ ಎದ್ದುದೇ ಹಿಮಾಲಯ.

ಕೇರಳದಲ್ಲಿ ಕರಿಮೀನೆಂದು ಹೆಸರಾದ, ೨೦೧೦ರಲ್ಲಿ ಆ ರಾಜ್ಯದ ಮೀನೆಂದು ಘೋಷಿತವಾದ ಒಂದು ಚಪ್ಪಟೆಯ ಮೀನುಂಟು. ಅದರ ವಂಶದ ಮೂರು ಜಾತಿಗಳು ನಮ್ಮ ದೇಶದಲ್ಲಿವೆ. ಅವುಗಳಲ್ಲಿ ಒಂದನ್ನು ಫ್ರಾನ್ಸಿಸ್ ಡೇ ಎಂಬ ಪ್ರಸಿದ್ಧ ಮತ್ಸ್ಯಶಾಸ್ತ್ರಜ್ಞನು ೧೮೭೭ರಲ್ಲಿ ದಕ್ಷಿಣ ಕನ್ನಡದ ಹೊಳೆಯಿಂದ ವರ್ಣಿಸಿದನು. ಅದರ ಶಾಸ್ತ್ರೀಯ ನಾಮದಲ್ಲಿಯೇ 'ಕೆನರಾ' ಎಂಬುದು ಸೇರಿದೆ. ಈ ಮೂರು ಮೀನುಗಳ ಅತಿ ಹತ್ತಿರದ ದಾಯಾದಿಗಳು ಎಲ್ಲಿವೆಯೆಂದರೆ, ಗಂಗೆಯಲ್ಲಿಯೂ ಅಲ್ಲ, ಬರ್ಮಾದಲ್ಲಿಯೂ ಅಲ್ಲ; ಕಡಲಿನಾಚೆಯ ಮಡಗಾಸ್ಕರ್ ದ್ವೀಪದಲ್ಲಿ! ಇದಕ್ಕೆ ಪ್ರತಿಯಾಗಿ, ನಮ್ಮ ಹೊಳೆಗಳಲ್ಲಿ ಎಲ್ಲೆಲ್ಲಿಯೂ ತುಂಬಿರುವ ಗೆಂಡೆಮೀನುಗಳ ಪಂಗಡ ಮಡಗಾಸ್ಕರಿನಲ್ಲಿ ಸ್ವಾಭಾವಿಕವಾಗಿ ಒಂದೂ ಇಲ್ಲ. ಆಸ್ಟ್ರೇಲಿಯದಲ್ಲಿಯೂ ಇಲ್ಲ, ದಕ್ಷಿಣ ಅಮೆರಿಕದಲ್ಲಿಯೂ ಇಲ್ಲ. ಇವೆರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ ಅರ್ಥ ಹೊಳೆಯುತ್ತದೆ. ಗೆಂಡೆಮೀನುಗಳು ಏಷ್ಯದವು; ಭಾರತ ಏಷ್ಯಕ್ಕೆ ತಾಗಿದ ಮೇಲೆ ಇಳಿದು ಬಂದವು. ಕರಿಮೀನಿನ ಮನೆತನ ಅವಕ್ಕಿಂತ ಹಳೆಯ ನಂಟನ್ನು ಹೇಳುತ್ತದೆ.

ಆ ನಂಟು ನೆಲದ ನಂಟೇ ಎಂಬ ವಿಷಯದಲ್ಲಿ ವಿದ್ವಾಂಸರೆಲ್ಲ ಒಮ್ಮತಕ್ಕೆ ಬಂದಿಲ್ಲ. ಈ ವಂಶದ ಕೆಲವು ಮೀನುಗಳು ಅಳಿವೆಯ ಸವುಳುನೀರನ್ನು ತಾಳಬಲ್ಲವು. ಈ ಪಂಗಡದ ಪಳೆಯುಳಿಕೆಗಳಲ್ಲಿ ಇದುವರೆಗೆ ದೊರೆತ ಅತಿ ಹಳೆಯವೂ ೫ ಕೋಟಿ ವರ್ಷಗಳನ್ನು ಮೀರಿದವಲ್ಲ. ಆದುದರಿಂದ ಇವು ಕಡಲನ್ನು ದಾಟಿಯೇ ಬಂದಿರಬಹುದೆಂದು ಒಂದು ಪಕ್ಷ ವಾದಿಸುತ್ತದೆ. ಒಡೆದ ನೆಲದೊಡನೆ ಒಡೆದ ಮನೆತನವಿದು ಎಂಬುದು ಇನ್ನೊಂದು ಪಕ್ಷ. ತೀರ್ಪು ಏನೇ ಆಗಲಿ, ಈ ಮೀನಿನ ಸಂಸಾರವನ್ನು ಕಂಡವರು ಮರೆಯಲಾರರು. ಹೆಚ್ಚಿನ ಮೀನುಗಳು ಮೊಟ್ಟೆಯನ್ನು ನೀರಿಗೆ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಇಲ್ಲಿ ತಂದೆತಾಯಿಗಳಿಬ್ಬರೂ ಮೊಟ್ಟೆಗಳನ್ನು ಕಾಯುತ್ತ, ಈಜುರೆಕ್ಕೆಗಳಿಂದ ಅವಕ್ಕೆ ನೀರು ಬೀಸುತ್ತ, ಮರಿಗಳಾದ ಮೇಲೂ ಬಿಡದೆ ಸಲಹುತ್ತವೆ. ಇವುಗಳಲ್ಲಿ ಚಿಕ್ಕದಾದ ಕಿತ್ತಳೆ ಬಣ್ಣದ ಜಾತಿಯ ಮರಿಗಳು ತಾಯಿತಂದೆಗಳ ಮೈಮೇಲೆ ಊರುವ ಲೋಳೆಯನ್ನು ಮುಕ್ಕುತ್ತ ಬೆಳೆಯುತ್ತವೆ. ಮೊಲೆಯಿಲ್ಲದ ಪ್ರಾಣಿಯ ಮೊಲೆಯೂಡಿಕೆ ಎನ್ನೋಣವೆ?

ನೆಲದ ಮೇಲಿನ ಹೊಳೆಗಳಷ್ಟೇ ಅಲ್ಲ, ನೆಲದೊಳಗಿನ ನೀರೂ ಪುರಾತನ ಜೀವಿಗಳನ್ನು ಬಚ್ಚಿಟ್ಟುಕೊಂಡಿದೆ. ಕೇರಳದ ಕೊಟ್ಟಾಯಂ ಪ್ರದೇಶದ ಬಾವಿಯೊಂದರಿಂದ ದೊರೆತ ಕಣ್ಣಿಲ್ಲದ ಪುಟ್ಟ ಮೀಸೆಯ ಮೀನನ್ನು ೧೯೫೦ರಲ್ಲಿ ಎ. ಜಿ. ಕೆ. ಮೆನನ್ ಅವರು ವರ್ಣಿಸಿ, ಹೋರಾ ಅವರ ಗೌರವಾರ್ಥ ಅದರ ಕುಲಕ್ಕೆ 'ಹೋರಾಗ್ಲಾನಿಸ್' ಎಂದು ಹೆಸರಿಟ್ಟರು. ೨೦೧೯ರಲ್ಲಿ ಅದೇ ರಾಜ್ಯದ ಬತ್ತದ ಗದ್ದೆಯಿಂದ ಹಾವಿನಂತೆ ನೀಳವಾದ, ಭೂಗರ್ಭದ ನೀರಿನಲ್ಲಿ ವಾಸಿಸುವ ಇನ್ನೊಂದು ಮೀನು ವರ್ಣಿತವಾಯಿತು. ನಮ್ಮ ಕೆರೆಗಳ ಕೊರಮೀನಿಗೆ ದೂರದ ನೆಂಟನಾದ ಇದು ಎಷ್ಟು ಹಳೆಯ ಕವಲೆಂದರೆ, ಮರುವರ್ಷವೇ ಪಂಡಿತರು ಇದಕ್ಕಾಗಿ ಒಂದು ಪ್ರತ್ಯೇಕ ಕುಟುಂಬವನ್ನೇ ಕಲ್ಪಿಸಬೇಕಾಯಿತು. ಮಳೆನೀರು ಉಕ್ಕಿದಾಗ ಬಾವಿಯಲ್ಲೋ ಗದ್ದೆಯಲ್ಲೋ ಆಕಸ್ಮಿಕವಾಗಿ ಮುಖ ತೋರುವ ಇಂಥ ಜೀವಿಗಳು ನೆಲದ ಕೆಳಗೆ ಇನ್ನೆಷ್ಟಿವೆಯೋ!

ದಿಣ್ಣೆಯನ್ನು ದಾಟಿಸಿದ ಲಾರಿ

ಬೆಟ್ಟ ಏಳುವುದಕ್ಕೆ, ಖಂಡ ಒಡೆಯುವುದಕ್ಕೆ, ಹೊಳೆ ಹೊಳೆಯನ್ನು ಕದಿಯುವುದಕ್ಕೆ ಕೋಟ್ಯಂತರ ವರ್ಷಗಳು ಬೇಕಾದುವು. ಆ ನಿಧಾನದಲ್ಲಿ ಬರೆಯಲ್ಪಟ್ಟ ಚರಿತ್ರೆಯನ್ನು ಅಳಿಸುವುದಕ್ಕೆ ಮನುಷ್ಯನಿಗೆ ಬೇಕಾದುದು ನೀರು ತುಂಬಿದ ಪೀಪಾಯಿಗಳು ಮತ್ತು ಒಂದು ಲಾರಿ.

ಕರಿಮೀನಿನ ಪಂಗಡಕ್ಕೇ ಸೇರಿದ ಆಫ್ರಿಕದ ಟಿಲಾಪಿಯವನ್ನು ೧೯೫೨ರಲ್ಲಿ ನಮ್ಮ ದೇಶಕ್ಕೆ ತಂದರು. ಬಡವರಿಗೆ ಅಗ್ಗದ ಆಹಾರವಾಗಲೆಂಬುದು ಉದ್ದೇಶ. ಜಿಲೇಬಿ ಎಂದು ಜನ ಕರೆಯುವ ಈ ಮೀನು ಇಂದು ದಕ್ಷಿಣದ ಎಷ್ಟೋ ಕೆರೆಹೊಳೆಗಳಲ್ಲಿ ನಾಡಮೀನುಗಳನ್ನು ಮೂಲೆಗೊತ್ತಿ ತಾನೇ ತಾನಾಗಿದೆ. ಯುಗಯುಗಗಳ ಹಿಂದೆ ಅಗಲಿದ ದಾಯಾದಿಗಳನ್ನು ಮನುಷ್ಯ ಮರಳಿ ಒಂದೇ ಕೊಳದಲ್ಲಿ ಕೂಡಿಸಿದುದರ ಫಲ ಇದು.

ಇದಕ್ಕಿಂತ ಮನಮುಟ್ಟುವ ಪ್ರಸಂಗ ನಮ್ಮ ಕಾವೇರಿಯದೇ. ಮಹಶೀರ್ ಅಥವಾ ಬಿಳಿಮೀನು ಎಂದರೆ ಸಿಹಿನೀರಿನ ಮೀನುಗಳಲ್ಲಿ ಅರಸು. ಅಂಗೈಯಗಲದ ಹುರುಪೆಗಳು, ದವಡೆಯಲ್ಲಿ ಹಲ್ಲಿಲ್ಲ, ಆದರೆ ಗಂಟಲಿನೊಳಗೆ ಏಡಿಯ ಚಿಪ್ಪನ್ನೂ ಬಸವನಹುಳುವನ್ನೂ ಅರೆದು ಪುಡಿಮಾಡುವ ಬಲವಾದ ಹಲ್ಲುಗಳು. ಮುಂಗಾರಿನ ಹೊಸನೀರು ಬಂದೊಡನೆ ಪ್ರವಾಹಕ್ಕೆ ಎದುರಾಗಿ ಈಜಿ, ಮೇಲಣ ಜಲ್ಲಿಕಲ್ಲಿನ ಪಾತ್ರವನ್ನು ಸೇರಿ ಮೊಟ್ಟೆಯಿಡುವುದು ಇದರ ಪದ್ಧತಿ. ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಅಧಿಕಾರಿ ಗಾಳದ ಬೇಟೆಯನ್ನು ಕುರಿತು ೧೮೭೩ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಗ್ರಂಥದಿಂದ ಈ ಮೀನಿನ ಕೀರ್ತಿ ವಿದೇಶಗಳಿಗೂ ಹರಡಿತು. ಕಾವೇರಿಯ ಬಿಳಿಮೀನಿನಲ್ಲಿ ಬೆನ್ನ ಮೇಲೆ ಗೂನುಳ್ಳ ಒಂದು ಬಗೆಯುಂಟು. ಅದರ ಈಜುರೆಕ್ಕೆಗಳಿಗೆ ಕಿತ್ತಳೆಯ ಛಾಯೆ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು ೧೨೦ ಪೌಂಡು ತೂಗಿತ್ತು. ಇಂಥ ದೈತ್ಯನಿಗೆ ಕಾವೇರಿಯೂ ಅದರ ಉಪನದಿಗಳೂ ಬಿಟ್ಟರೆ ಲೋಕದಲ್ಲಿ ಬೇರೆ ನೆಲೆಯಿಲ್ಲ.

ಕಟ್ಟೆಗಳು ಎದ್ದು ಮೀನಿನ ಏರುದಾರಿ ಮುಚ್ಚಿತು. ಸಿಡಿಮದ್ದು ಹಾಕಿ ಮೀನು ಹಿಡಿಯುವ ದುರಭ್ಯಾಸ ಹಬ್ಬಿತು. ಮಹಶೀರ್ ಅಳಿಯುತ್ತಿದೆಯೆಂದು ಮರುಗಿದವರು ೧೯೭೦ರ ದಶಕದಿಂದ ಪುಣೆಯ ಬಳಿಯ ಲೋನಾವಳದಲ್ಲಿ ಮರಿಗಳನ್ನು ಕೃತಕವಾಗಿ ಬೆಳೆಸಿ ದೇಶದ ನದಿಗಳಿಗೆ ಹಂಚತೊಡಗಿದರು. ಉದ್ದೇಶ ಸಾಧುವೇ. ಆದರೆ ಆ ಮರಿಗಳು ನೀಲಿಯ ಛಾಯೆಯ ರೆಕ್ಕೆಗಳುಳ್ಳ ಬೇರೊಂದು ಜಾತಿಯವು. ೧೮೩೯ರಲ್ಲಿ ಸೈಕ್ಸ್ ಎಂಬಾತ ಪುಣೆಯ ಸೀಮೆಯಿಂದ, ಎಂದರೆ ಕೃಷ್ಣೆಯ ಜಲಾನಯನದಿಂದ, ವರ್ಣಿಸಿದ ಜಾತಿ. ಅವನ್ನು ಕಾವೇರಿಗೂ ಬಿಟ್ಟರು. ತಾವಾಗಿ ಎಂದೂ ದಾಟಲಾರದಿದ್ದ ದಿಣ್ಣೆಯನ್ನು ಆ ಮೀನುಗಳು ಒಂದು ಹಗಲಿನಲ್ಲಿ ದಾಟಿದುವು. ಕಾವೇರಿಯ ಗಾಲಿಬೋರೆ ಪ್ರದೇಶದಲ್ಲಿ ಗಾಳಗಾರರು ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ನೀಲಿರೆಕ್ಕೆಯದು ಏರುತ್ತ ಹೋದಂತೆ ಗೂನುಬೆನ್ನಿನದು ಇಳಿಯುತ್ತ ಹೋದುದು ಸ್ಪಷ್ಟವಾಯಿತು.

ವಿಷಾದದ ಮಾತೆಂದರೆ, ಒಂದು ಶತಮಾನಕ್ಕೂ ಮಿಕ್ಕಿ ಹೆಸರುವಾಸಿಯಾಗಿದ್ದ ಈ ಗೂನುಬೆನ್ನಿನ ಮೀನಿಗೆ ಅಲ್ಲಿಯವರೆಗೆ ಒಂದು ನಿಶ್ಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ನೀಲಗಿರಿಯ ತಪ್ಪಲಿನಲ್ಲಿ, ಬಂಡೀಪುರದ ಅಡವಿಯ ಅಂಚಿನಲ್ಲಿ ಹರಿಯುವ ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಕೆಲವು ಮೀನುಗಳನ್ನು ಪರೀಕ್ಷಿಸಿ, ಕೇರಳದಲ್ಲಿ ಹುಟ್ಟಿ ಕಾವೇರಿಯ ಜಲಾನಯನವನ್ನು ಸೇರುವ ಪಾಂಬಾರ್ ಎಂಬ ಹೊಳೆಯಿಂದ ಅದಾಗಲೇ ವರ್ಣಿತವಾಗಿದ್ದ 'ಟಾರ್ ರೇಮಾದೇವಿ' ಎಂಬ ಜಾತಿಯೇ ಇದು ಎಂದು ೨೦೧೮ರಲ್ಲಿ ನಿರ್ಧರಿಸಿದರು. ಮೀನುಗಳ ಅಭ್ಯಾಸದಲ್ಲಿ ಹೆಸರಾದ ಕೆ. ರೇಮಾದೇವಿ ಎಂಬ ವಿದುಷಿಯ ಹೆಸರು ಅದು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘವು ಇದನ್ನು ಅಳಿವಿನ ಅಂಚಿಗೆ ತೀರ ಸಮೀಪವಿರುವ ಜಾತಿಗಳ ಪಟ್ಟಿಯಲ್ಲಿ ಸೇರಿಸಿತು. ನಾಮಕರಣವೂ ಮರಣಭಯವೂ ಒಂದೇ ವರ್ಷದಲ್ಲಿ ಬಂದುವು.

ನಂಬಿಕೆಯ ಕಟ್ಟಳೆ, ಅರಿವಿನ ಕಟ್ಟಳೆ

ಮೀನನ್ನು ಕಾಪಾಡುವ ಸಂಪ್ರದಾಯ ನಮ್ಮ ನಾಡಿಗೆ ಹೊಸತಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ, ಕಾವೇರಿಯ ದಡದ ರಾಮನಾಥಪುರದಲ್ಲಿ, ದಕ್ಷಿಣ ಕನ್ನಡದ ಶಿಶಿಲದ ದೇವಾಲಯದ ಮುಂದೆ ದೇವರ ಮೀನುಗಳು ನಿರ್ಭಯವಾಗಿ ಆಡುತ್ತವೆ. ಯಾತ್ರಿಕರು ಹುರಿಯಕ್ಕಿ ಮಂಡಕ್ಕಿಗಳನ್ನು ಹಾಕುತ್ತಾರೆ. ಗಾಳ ಹಾಕುವ ಮಾತನ್ನು ಯಾರೂ ಎತ್ತುವುದಿಲ್ಲ. ೧೯೯೬ರಲ್ಲಿ ಶಿಶಿಲದ ಹೊಳೆಗೆ ದುಷ್ಟರು ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತಾಗ ಊರಿನವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ಯಾವ ಸರ್ಕಾರಿ ಕಾನೂನಿಗಿಂತಲೂ ಮೊದಲು ಹೊಳೆಯ ಒಂದೊಂದು ಮಡುವನ್ನು ಕಾದುದು ಈ ನಂಬಿಕೆಯೇ.

ಆದರೆ ಇಂದಿನ ಅಪಾಯವನ್ನು ತಡೆಯಲು ಕೊಲ್ಲದಿರುವುದಷ್ಟೇ ಸಾಲದು. ಕಾವೇರಿಯ ಗೂನುಬೆನ್ನಿನ ಮೀನನ್ನು ಮೂಲೆಗೆ ತಳ್ಳಿದುದರಲ್ಲಿ ದ್ವೇಷಕ್ಕಿಂತ ಪ್ರೀತಿಯ ಪಾಲೇ ಹೆಚ್ಚು. ಮಹಶೀರ್ ಎಲ್ಲ ಒಂದೇ, ಎಲ್ಲಿಯದನ್ನು ಎಲ್ಲಿ ಬಿಟ್ಟರೂ ಪುಣ್ಯವೇ ಎಂದು ತಿಳಿದ ಪ್ರೀತಿ ಅದು. ಕೆರೆಗೆ ಮರಿ ಬಿಡುವುದು ಬೇಸಾಯ. ಕಟ್ಟೆ ಕಟ್ಟಿ ಬೇಲಿ ಹಾಕಿದ ನೀರಿನಲ್ಲಿ ಅದಕ್ಕೆ ಸ್ಥಾನವುಂಟು. ಹರಿಯುವ ಹೊಳೆಗೆ ಬಿಡುವಾಗಲಾದರೋ, ಅದು ಆ ಹೊಳೆಯದೇ ಮೀನೇ ಎಂಬ ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕು. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸರವಾದ ಬಣ್ಣದ ಮೀನನ್ನು ಕರುಣೆಯಿಂದ ಹತ್ತಿರದ ತೊರೆಗೆ ಬಿಟ್ಟುಬರುವ ಗೃಹಸ್ಥರಿಗೂ ಈ ಮಾತು ಸಲ್ಲುತ್ತದೆ. ಕಾವೇರಿಯ ಜಾತಿಯನ್ನು ಉಳಿಸಬೇಕಾದರೆ ಕಾವೇರಿಯ ಮೀನಿನಿಂದಲೇ ಮರಿ ಮಾಡಿಸಬೇಕು. ಮೋಯಾರಿನಂಥ ಹೊಳೆಗಳಲ್ಲಿ ಉಳಿದಿರುವ ಬೀಜವನ್ನು ಕಣ್ಣಿನಂತೆ ಕಾಯಬೇಕು. ಅಲ್ಲಿಗೆ ಬೇರೆ ಕಡೆಯ ಮರಿಗಳು ಬಾರದಂತೆ ನೋಡಿಕೊಳ್ಳಬೇಕು.

ನಮ್ಮ ಒಂದೊಂದು ಹೊಳೆಯೂ ತನ್ನ ಮೀನುಗಳನ್ನು ತಾನೇ ರೂಪಿಸಿಕೊಂಡಿದೆ. ಶಿವಸಮುದ್ರದ ಬಂಡೆಯನ್ನು ಅಪ್ಪಿದ ಬಾಲಿಟೋರ, ದಕ್ಷಿಣ ಕನ್ನಡದ ಹೊಳೆಯಲ್ಲಿ ಮರಿಗಳನ್ನು ಕಾಯುತ್ತಿರುವ ಕರಿಮೀನಿನ ತಮ್ಮ, ಮೋಯಾರಿನ ಮಡುವಿನಲ್ಲಿ ಅಳಿದುಳಿದ ಗೂನುಬೆನ್ನಿನ ಅರಸು, ಇವೆಲ್ಲ ಆ ಆಯಾ ನೀರಿನ ಹೊರತು ಇನ್ನೆಲ್ಲಿಯೂ ಹುಟ್ಟಲಾರದ ಮಕ್ಕಳು. ಮುಂದಿನ ಮುಂಗಾರಿನಲ್ಲಿ ಹೊಸನೀರು ಬಂದಾಗ ಮೋಯಾರಿನ ಮೀನುಗಳು ಮತ್ತೆ ಏರುದಾರಿ ಹಿಡಿಯುತ್ತವೆ. ಆ ದಾರಿ ತೆರೆದಿರುವಂತೆಯೂ ಅದರಲ್ಲಿ ಅವುಗಳ ಸಂತತಿಯೇ ಸಾಗುವಂತೆಯೂ ನೋಡಿಕೊಳ್ಳುವ ಹೊಣೆ ಈ ಹೊಳೆಗಳ ನೀರನ್ನು ಕುಡಿಯುವ ನಮ್ಮೆಲ್ಲರದು.